ಹಾಡು, ಹೆಜ್ಜೆ, ಮಾತು ಮೂರನ್ನೂ ಕಲಿಸುವ ರಂಗತರಬೇತಿ: ಹದಿಹರೆಯದ ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ಆರಿಸುವುದು ಹೇಗೆ?

ಪೋಷಕರು ಎಡವುವ ಜಾಗ ಸಾಮಾನ್ಯವಾಗಿ ಒಂದೇ. ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿ ಕುಣಿದು ಚಪ್ಪಾಳೆ ಗಿಟ್ಟಿಸುತ್ತಾಳೆ. ಮರುವಾರವೇ ಸಂಗೀತಕ್ಕೊಂದು, ನೃತ್ಯಕ್ಕೊಂದು, ಆಕ್ಟಿಂಗ್‌ಗೊಂದು ಅಂತ ಮೂರು ಕ್ಲಾಸಿಗೆ ಸೇರಿಸಿ ಬರುತ್ತಾರೆ. ಮೂರನೇ ತಿಂಗಳಿಗೆ ಶಾಲೆಯ ಟೆಸ್ಟು, ಟ್ಯೂಷನ್ನು ಜೋರಾಗುತ್ತವೆ, ಒಂದೊಂದೇ ಕ್ಲಾಸ್ ತಪ್ಪುತ್ತದೆ, ವರ್ಷಕ್ಕೆಂದು ಕಟ್ಟಿದ ದುಡ್ಡು ಅಲ್ಲೇ ಉಳಿಯುತ್ತದೆ. ಇನ್ನು ಕೆಲವರು ಎಲ್ಲಕ್ಕಿಂತ ಕಡಿಮೆ ಫೀಸಿನ ಕ್ಲಾಸ್ ಹುಡುಕಿ ಸೇರಿಸುತ್ತಾರೆ. ವರ್ಷದ ಕೊನೆಯಲ್ಲಿ ಮಗು ವೇದಿಕೆಯ ಮೇಲೆ ರೆಕಾರ್ಡ್ ಹಾಡಿಗೆ ಬಾಯಿ ಆಡಿಸಿ ಇಳಿದು ಬರುತ್ತದೆ.

ಸಂಗೀತ ನಾಟಕದ ನಟನಿಗೆ ಬೇಕಾದ ಕಸುಬು ಇರುವುದು ಜೋಡಣೆಯಲ್ಲಿ. ಮಾತಾಡುತ್ತಾ ಇದ್ದವಳು ಅದೇ ಉಸಿರಲ್ಲಿ ಹಾಡಿಗೆ ಹತ್ತಬೇಕು, ಹಾಡುತ್ತಾ ಹೆಜ್ಜೆ ಹಾಕಬೇಕು, ಹೆಜ್ಜೆ ನಿಂತ ಕೂಡಲೇ ಏದುಸಿರಿಲ್ಲದೆ ಮತ್ತೆ ಮಾತಿಗೆ ಇಳಿಯಬೇಕು. ಮೂರು ಕಡೆ ಬಿಡಿಬಿಡಿಯಾಗಿ ಕಲಿತರೆ ಈ ಜೋಡಣೆ ಬರುವುದಿಲ್ಲ. ಹಾಗಾಗಿ ಇಲ್ಲಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಟ್ರಯಲ್ ಕ್ಲಾಸ್ ಆರನೇ ಹಂತದಲ್ಲಿದೆ. ಬಹಳ ಜನ ಅಲ್ಲಿಂದಲೇ ಶುರು ಮಾಡುತ್ತಾರೆ, ಏನು ನೋಡಬೇಕೆಂದು ಗೊತ್ತಿಲ್ಲದೆ ಗೋಡೆಯ ಮೇಲಿನ ಫೋಟೋ ನೋಡಿಕೊಂಡು ಬರುತ್ತಾರೆ.

ಮೊದಲು ಕೈಗೆ ಬೇಕಾದವು

ವಿಡಿಯೋ ಮಾಡಲು ಒಂದು ಫೋನ್, ಉಚಿತವಾಗಿ ಸಿಗುವ ಯಾವುದಾದರೂ ತಂಬೂರಿ ಆ್ಯಪ್, ವಿಚಾರಿಸಿದ ಕ್ಲಾಸುಗಳ ಹೆಸರು ಬರೆದಿಡಲು ಒಂದು ನೋಟ್‌ಬುಕ್, ಮತ್ತು ಮಗುವಿನ ಶಾಲೆಯ ವರ್ಷದ ಕ್ಯಾಲೆಂಡರ್. ಕೊನೆಯದನ್ನು ಯಾರೂ ತೆಗೆದಿಡುವುದಿಲ್ಲ, ಆಮೇಲೆ ಪರೀಕ್ಷೆಯ ವಾರವೇ ನಾಟಕದ ದಿನವೂ ಬರುತ್ತದೆ. ಗೆಜ್ಜೆ, ಡ್ಯಾನ್ಸ್ ಶೂ, ಕೀಬೋರ್ಡ್ ಯಾವುದನ್ನೂ ಈಗ ಕೊಳ್ಳಬೇಡಿ.

ಹಂತ 1: ಮನೆಯಲ್ಲೇ ಮೂರು ರೆಕಾರ್ಡಿಂಗ್

ದುಡ್ಡು ಎಲ್ಲಿ ಹಾಕಬೇಕೆಂದು ಹೇಳುವುದು ಈ ಅರ್ಧ ಗಂಟೆಯ ಕೆಲಸ. ಮಗುವಿಗೆ ಬಾಯಿಪಾಠ ಇರುವ ಎರಡು ನಿಮಿಷದ ಒಂದು ಹಾಡು ಆರಿಸಿ. ಭಾವಗೀತೆ, ಜನಪದ ಗೀತೆ, ಶಾಲೆಯಲ್ಲಿ ಕಲಿತದ್ದು ಯಾವುದಾದರೂ ಸರಿ.

ತಂಬೂರಿ ಆ್ಯಪ್‌ನಲ್ಲಿ ಶ್ರುತಿ, ಅಂದರೆ ಹಾಡಿಗೆ ಆಧಾರವಾಗುವ ಸ್ವರ, ಹೊಂದಿಸಿ. ಶ್ರುತಿಯನ್ನು ಹಾರ್ಮೋನಿಯಂನ ಬಿಳಿ, ಕರಿ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಹುಡುಗಿಯರಿಗೆ ಬಿಳಿ ಐದರಿಂದ ಕರಿ ಐದರೊಳಗೆ, ಗಂಟಲು ಒಡೆದಾದ ಹುಡುಗರಿಗೆ ಬಿಳಿ ಒಂದರಿಂದ ಕರಿ ಎರಡರೊಳಗೆ ಸಾಮಾನ್ಯವಾಗಿ ಹೊಂದುತ್ತದೆ. ಹಾಡಿನ ಅತಿ ಮೇಲಿನ ಸ್ವರದಲ್ಲಿ ಗದ್ದ ಮೇಲೆತ್ತಿ ಕತ್ತಿನ ನರ ಬಿಗಿದರೆ ಶ್ರುತಿ ಹೆಚ್ಚಾಯಿತು. ಅತಿ ಕೆಳಗಿನ ಸ್ವರ ಗಾಳಿಯಾಗಿ ಹೋದರೆ ಕಡಿಮೆಯಾಯಿತು.

ಮೊದಲ ರೆಕಾರ್ಡಿಂಗ್: ನೆಟ್ಟಗೆ ನಿಂತು ಹಾಡುವುದು. ಎರಡನೆಯದು: ಅದೇ ಹಾಡನ್ನು ಅದೇ ಶ್ರುತಿಯಲ್ಲಿ, ತಾಳಕ್ಕೆ ಸರಿಯಾಗಿ ಕೋಣೆಯ ತುಂಬ ನಡೆಯುತ್ತಾ, ಎರಡು ಸಲ ಕೂತೆದ್ದು ಹಾಡುವುದು. ಮೂರನೆಯದು: ಪಠ್ಯಪುಸ್ತಕದ ಯಾವುದಾದರೂ ನಾಟಕಭಾಗದ ಆರು ಸಾಲು ಮಾತನ್ನು ಕೋಣೆಯ ಇನ್ನೊಂದು ಮೂಲೆಗೆ ಕೇಳುವಂತೆ ಹೇಳಿ, ನಿಲ್ಲಿಸದೆ ಹಾಡಿಗೆ ಹೋಗುವುದು.

ಈಗ ಕೇಳಿ. ನಿಂತು ಹಾಡುವಾಗಲೇ ಶ್ರುತಿ ಜಾರುತ್ತಿದ್ದರೆ ಮೊದಲ ಖರ್ಚು ಸಂಗೀತಕ್ಕೆ. ನಿಂತಾಗ ಸರಿಯಿದ್ದು ನಡೆಯುವಾಗ ಸಾಲಿನ ಮಧ್ಯೆ ಉಸಿರು ಕಡಿದರೆ, ಅಥವಾ ಕಾಲು ಒಂದು ಲಯಕ್ಕೆ, ಬಾಯಿ ಇನ್ನೊಂದು ಲಯಕ್ಕೆ ಹೋದರೆ ಮೈಯ ತರಬೇತಿ ಬೇಕು. ಹಾಡೂ ನಡಿಗೆಯೂ ಸರಿಯಿದ್ದು ಮಾತು ಮಾತ್ರ ಪಾಠ ಒಪ್ಪಿಸಿದ ಹಾಗಿದ್ದರೆ ನಾಟಕದ ಗುಂಪೇ ಸಾಕು, ಬೇರೇನೂ ಬೇಡ. ಮೂರನೇ ರೆಕಾರ್ಡಿಂಗ್‌ನಲ್ಲಿ ಮಾತು ಮುಗಿದು ಹಾಡು ಹತ್ತುವ ಆ ಒಂದು ಕ್ಷಣವನ್ನು ಎರಡು ಸಲ ಹಾಕಿ ಕೇಳಿ. ಬಹುತೇಕ ಮಕ್ಕಳು ಅಲ್ಲಿ ಶ್ರುತಿ ತಪ್ಪಿಸಿಕೊಳ್ಳುತ್ತಾರೆ. ಅದು ಕೊರತೆಯೇನಲ್ಲ, ತರಬೇತಿಯಲ್ಲಿ ಕಲಿಯಬೇಕಾದದ್ದೇ ಅದು. ಮೂರೂ ವಿಡಿಯೋ ಅಳಿಸದೆ ತಾರೀಖು ಬರೆದಿಡಿ. ಕೊನೆಯ ಹಂತದಲ್ಲಿ ಬೇಕಾಗುತ್ತವೆ.

ಹಂತ 2: ಯಾವುದು ಮೊದಲು, ಯಾವುದು ಆಮೇಲೆ

ಒಮ್ಮೆಗೆ ಒಂದು ಕ್ಲಾಸ್, ಹೆಚ್ಚೆಂದರೆ ಎರಡು. ಶ್ರುತಿ ನಿಲ್ಲದ ಮಗುವಿಗೆ ಆರು ತಿಂಗಳು ಸಂಗೀತ ಮಾತ್ರ ಸಾಕು. ಹತ್ತಿರದ ಸಂಗೀತ ಮೇಷ್ಟ್ರ ಬಳಿ ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿ, ಅಲಂಕಾರ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಬರುವ ಹೊತ್ತಿಗೆ ಶ್ರುತಿಯೂ ಲಯವೂ ಒಂದು ಹದಕ್ಕೆ ಬಂದಿರುತ್ತವೆ. ಹಿಂದೂಸ್ತಾನಿ ಕಡೆಯವರಾದರೆ ಅಲಂಕಾರ, ಒಂದೆರಡು ರಾಗದ ಛೋಟಾ ಖ್ಯಾಲ್ ಎಂಬ ಚಿಕ್ಕ ಹಾಡು. ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಲೇಬೇಕೆಂದಿಲ್ಲ. ಪರೀಕ್ಷೆಯ ಗುರಿ ಇಟ್ಟರೆ ಶಿಸ್ತು ಬರುತ್ತದೆ ನಿಜ, ಆದರೆ ಪಠ್ಯಕ್ರಮ ಮುಗಿಸುವ ಗಡಿಬಿಡಿಯಲ್ಲಿ ಮೇಷ್ಟ್ರು ಬಾಯಿ ತೆರೆದು ಹಾಡಿಸುವುದನ್ನು ಮರೆಯುತ್ತಾರೆ.

ಗಂಟಲು ಒಡೆಯುವ ವಯಸ್ಸಿನ ಹುಡುಗರದು ಬೇರೆ ಲೆಕ್ಕ. 12ರಿಂದ 15ರ ನಡುವೆ ಹುಡುಗರ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ ಸ‌ದಿಂದ ಕೆಳಗಿನ ಸ‌ದಷ್ಟು, ಕೆಳಗಿಳಿಯುತ್ತದೆ. ಗಂಟಲಿನ ತಂತುಗಳು ಉದ್ದವಾಗುತ್ತಾ ದಪ್ಪವಾಗುತ್ತಾ ಇರುವುದರಿಂದ ನಿನ್ನೆ ಸಿಕ್ಕ ಸ್ವರ ಇವತ್ತು ಒಡೆಯುತ್ತದೆ. ಹುಡುಗಿಯರದೂ ಎರಡು ಮೂರು ಸ್ವರದಷ್ಟು ಇಳಿಯುತ್ತದೆ, ಕೆಲವು ತಿಂಗಳು ದನಿಯಲ್ಲಿ ಗಾಳಿ ಸೇರಿಕೊಂಡಂತಿರುತ್ತದೆ. ಈ ಹೊತ್ತಲ್ಲಿ ಹಾಡು ಪೂರ್ತಿ ಬಿಡಿಸುವುದು ತಪ್ಪು, ಹಳೆಯ ಶ್ರುತಿಯಲ್ಲೇ ಎಳೆದು ಹಾಡಿಸುವುದು ಇನ್ನೂ ದೊಡ್ಡ ತಪ್ಪು. ಸಿಗುವ ಆರೇಳು ಸ್ವರದೊಳಗೆ ದಿನಕ್ಕೆ 15 ನಿಮಿಷ ಮೆಲ್ಲಗೆ ಹಾಡಿಸಿ, ಉಳಿದ ದುಡ್ಡು ಮತ್ತು ಸಮಯವನ್ನು ಹೆಜ್ಜೆಗೂ ಮಾತಿಗೂ ಹಾಕಿ. ಒಡೆದ ಗಂಟಲಿನ ಹುಡುಗನಿಗೆ ತಾಳ, ಮದ್ದಳೆ, ತಬಲಾ ಕಲಿಸಲು ಇದಕ್ಕಿಂತ ಒಳ್ಳೆಯ ವರ್ಷ ಬರುವುದಿಲ್ಲ.

ದನಿ ಒಡಕು ಮೂರು ವಾರ ದಾಟಿಯೂ ಕಡಿಮೆಯಾಗದೆ ಮಾತಾಡಿದರೂ ನೋವಾಗುತ್ತಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ.

ಹಂತ 3: ತಿಂಗಳ ಫೀಸು ಬಿಡಿ, ಗಂಟೆಯ ಲೆಕ್ಕ ಹಾಕಿ

ಕಡಿಮೆ ಖರ್ಚಿನದು ಯಾವುದೆಂದು ತಿಂಗಳ ಫೀಸು ಹೇಳುವುದಿಲ್ಲ. ವರ್ಷದಲ್ಲಿ ಕೈಯಿಂದ ಹೋಗುವ ಒಟ್ಟು ದುಡ್ಡನ್ನು ಮಗು ನಿಜವಾಗಿ ಅಭ್ಯಾಸ ಮಾಡುವ ಗಂಟೆಗಳಿಂದ ಭಾಗಿಸಬೇಕು. ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಮಾಡಿ ನೋಡೋಣ.

ಮೊದಲ ಕ್ಲಾಸಿನ ಫೀಸು ತಿಂಗಳಿಗೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. 10 ತಿಂಗಳಿಗೆ 20,000. ನೋಂದಣಿ 1,500, ವಾರ್ಷಿಕ ಪ್ರದರ್ಶನದ ಶುಲ್ಕ 3,000, ವೇಷಭೂಷಣಕ್ಕೆ 3,500, ಆಟೋ ಬಸ್ಸಿಗೆ ತಿಂಗಳಿಗೆ 600ರಂತೆ 6,000. ಒಟ್ಟು 34,000. ವಾರಕ್ಕೆ ಎರಡು ದಿನ ಒಂದೊಂದು ಗಂಟೆಯಾದರೆ ವರ್ಷಕ್ಕೆ 80 ಗಂಟೆ. ಗಂಟೆಗೆ 425 ರೂಪಾಯಿ ಬಿತ್ತು.

ಎರಡನೆಯದರ ಫೀಸು ತಿಂಗಳಿಗೆ 2,500, ಕೇಳಿದ ಕೂಡಲೇ ದುಬಾರಿ ಅನ್ನಿಸುತ್ತದೆ. 10 ತಿಂಗಳಿಗೆ 25,000. ನೋಂದಣಿ, ಪ್ರದರ್ಶನದ ಶುಲ್ಕ ಇಲ್ಲ, ವೇಷಕ್ಕೆ ಮನೆಯ ಬಟ್ಟೆಯನ್ನೇ ಹೊಂದಿಸಿ 500, ಓಡಾಟ ತಿಂಗಳಿಗೆ 300ರಂತೆ 3,000. ಒಟ್ಟು 28,500. ವಾರಕ್ಕೆ ಎರಡು ದಿನ ಒಂದೂವರೆ ಗಂಟೆಯಂತೆ 120 ಗಂಟೆ. ಗಂಟೆಗೆ 238ರ ಆಸುಪಾಸು.

ಇದರ ಮೇಲೆ ಮಕ್ಕಳ ಸಂಖ್ಯೆ ನೋಡಿ. ಒಂದು ಗಂಟೆಯ ಕ್ಲಾಸಿನಲ್ಲಿ 25 ಮಕ್ಕಳಿಗೆ ಒಬ್ಬರೇ ಮೇಷ್ಟ್ರಾದರೆ ಪ್ರತಿ ಮಗುವಿಗೆ ಒಂಟಿಯಾಗಿ ಹಾಡಲು ಸಿಗುವುದು ಎರಡು ನಿಮಿಷ ಚಿಲ್ಲರೆ. ಗುಂಪಾಗಿ ಹಾಡುವ ಮೇಳಕ್ಕೆ 25 ಜನ ಚೆನ್ನ, ಯಾರ ಶ್ರುತಿ ಎಲ್ಲಿ ಜಾರುತ್ತಿದೆ ಎಂದು ಹಿಡಿಯಲು 12ರಿಂದ 15 ಮಿತಿ.

ಈ ಲೆಕ್ಕದಲ್ಲಿ ಜನ ಬಿಟ್ಟುಬಿಡುವ ಬಾಬ್ತುಗಳು ಕೆಲವಿವೆ: ಫೀಸಿನ ಮೇಲೆ ಜಿಎಸ್‌ಟಿ ಬೇರೆಯೋ ಸೇರಿದೆಯೋ, ಪ್ರದರ್ಶನದ ವಿಡಿಯೋ, ಫೋಟೋಗೆ ಕಡ್ಡಾಯ ಹಣ, ಪೋಷಕರೇ ಇಷ್ಟು ಟಿಕೆಟ್ ಮಾರಿಕೊಡಬೇಕೆಂಬ ಕರಾರು, ತಾಲೀಮು ರಾತ್ರಿ ಒಂಬತ್ತಕ್ಕೆ ಮುಗಿಯುವ ಕೊನೆಯ ಹದಿನೈದು ದಿನಗಳ ಆಟೋ ಖರ್ಚು. ಟಿಕೆಟ್ ಮಾರಾಟದ ಕರಾರು ಕೇಳಲು ಸಣ್ಣದು. ಮಾರಾಟವಾಗದ ಟಿಕೆಟ್‌ಗಳ ದುಡ್ಡು ಯಾರ ಕೈಯಿಂದ ಹೋಗುತ್ತದೆ ಎಂದು ಕೇಳಿದಾಗ ಅದರ ಗಾತ್ರ ಗೊತ್ತಾಗುತ್ತದೆ.

ಹಂತ 4: ಕಡಿಮೆ ಖರ್ಚಿನ ಬಾಗಿಲುಗಳು ಎಲ್ಲಿವೆ

ಮೊದಲು ಶಾಲೆ. ಪ್ರತಿಭಾ ಕಾರಂಜಿಗೆ ತಯಾರಾಗುವ ತಿಂಗಳುಗಳಲ್ಲಿ ಶಾಲೆಯ ಸಂಗೀತ ಅಥವಾ ನಾಟಕ ಶಿಕ್ಷಕರು ಪುಕ್ಕಟೆ ಹೇಳಿಕೊಡುತ್ತಾರೆ. ಸ್ಪರ್ಧೆ ಶಾಲೆಯಿಂದ ಕ್ಲಸ್ಟರ್, ತಾಲೂಕು, ಜಿಲ್ಲೆ ಅಂತ ಏರುತ್ತದೆ. ಬಹುಮಾನಕ್ಕಿಂತ ಅಪರಿಚಿತ ಸಭೆಯ ಮುಂದೆ ನಿಲ್ಲುವ ಅಭ್ಯಾಸ ದೊಡ್ಡದು.

ಬೆಂಗಳೂರಿನವರು ಕಬ್ಬನ್ ಪಾರ್ಕಿನ ಜವಾಹರ ಬಾಲಭವನವನ್ನೂ ಬೇರೆ ಊರಿನವರು ತಮ್ಮ ಜಿಲ್ಲೆಯ ಬಾಲಭವನವನ್ನೂ ವಿಚಾರಿಸಿ. ಸರ್ಕಾರಿ ವ್ಯವಸ್ಥೆಯಾದ್ದರಿಂದ ಶುಲ್ಕ ಖಾಸಗಿಯಷ್ಟು ಇರುವುದಿಲ್ಲ. ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಯ ರಂಗಾಯಣಗಳ ಸೂಚನಾ ಫಲಕದ ಮೇಲೆ ಫೆಬ್ರವರಿ, ಮಾರ್ಚ್‌ನಿಂದಲೇ ಕಣ್ಣಿಡಿ. ಮೈಸೂರು ರಂಗಾಯಣದ ಚಿಣ್ಣರ ಮೇಳದಂಥ ಬೇಸಿಗೆ ಶಿಬಿರಗಳಲ್ಲಿ ಹಾಡು, ಕುಣಿತ, ನಾಟಕ ಒಟ್ಟೊಟ್ಟಿಗೇ ನಡೆಯುತ್ತವೆ. ಆದರೆ ಇವು ಚಿಕ್ಕ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು, ಹದಿನಾಲ್ಕು ದಾಟಿದವರಿಗೆ ಜಾಗವಿದೆಯೇ ಎಂದು ಮೊದಲೇ ಕೇಳಿ. ಜಾಗ ಸಿಗದಿದ್ದರೆ ಸ್ವಯಂಸೇವಕರಾಗಿ ಸೇರಿಸಿಕೊಳ್ಳುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಪುಟಾಣಿಗಳಿಗೆ ಹಾಡು ಹೇಳಿಕೊಟ್ಟ ಹದಿನೈದರ ಹುಡುಗಿ ತಾನೂ ಗಟ್ಟಿಯಾಗಿ ಕಲಿತಿರುತ್ತಾಳೆ.

ಕರಾವಳಿ, ಮಲೆನಾಡಿನವರ ಕೈಯಳತೆಯಲ್ಲೇ ಯಕ್ಷಗಾನ ಇದೆ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೇ ಗುರುಗಳನ್ನು ಕಳಿಸಿ ಕಲಿಸುತ್ತದೆ. ಇಂದ್ರಾಳಿಯ ಯಕ್ಷಗಾನ ಕೇಂದ್ರ, ಹೊನ್ನಾವರ ಬಳಿಯ ಗುಣವಂತೆಯ ಕೆರೆಮನೆ ಮೇಳದ ಕಲಾಕೇಂದ್ರ ಗುರುಕುಲದ ರೀತಿಯವು. ತಾಳ, ಹೆಜ್ಜೆ, ಎದುರಿನವರ ಮಾತಿಗೆ ಅಲ್ಲೇ ಮಾತು ಕಟ್ಟುವ ಅರ್ಥಗಾರಿಕೆ, ಇವನ್ನು ಇಷ್ಟು ಅಗ್ಗವಾಗಿ ಇಷ್ಟು ಬಿಗಿಯಾಗಿ ಬೇರೆ ಯಾರೂ ಕಲಿಸುವುದಿಲ್ಲ. ಒಂದು ಎಚ್ಚರ ಮಾತ್ರ: ಯಕ್ಷಗಾನದಲ್ಲಿ ಹಾಡುವವರು ಭಾಗವತರು, ವೇಷಧಾರಿ ಹಾಡುವುದಿಲ್ಲ. ಹಾಡಿನ ಪಾಠ ಬೇರೆ ಬೇಕಾಗುತ್ತದೆ, ಅಥವಾ ಮಗುವನ್ನು ಭಾಗವತಿಕೆ ತರಗತಿಗೇ ಸೇರಿಸಬೇಕು. ಉತ್ತರ ಕರ್ನಾಟಕದ ಜನಪದ ರಂಗಕಲೆಯಾದ ಸಣ್ಣಾಟದಲ್ಲಾದರೆ ಪಾತ್ರಧಾರಿ ತಾನೇ ಹಾಡುತ್ತಾನೆ, ಹಿಂದಿನ ಮೇಳ ದನಿಗೂಡಿಸುತ್ತದೆ. ಊರಲ್ಲಿ ತಂಡ ಇದ್ದರೆ ತಾಲೀಮು ನೋಡಲು ಕರೆದೊಯ್ಯಿರಿ.

ಹವ್ಯಾಸಿ ನಾಟಕ ತಂಡಗಳು ಬಹಳ ಪೋಷಕರ ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರು, ಮೈಸೂರಿನಲ್ಲಂತೂ ರಂಗಗೀತೆ ಹಾಡುವ ಮೇಳಕ್ಕೆ ದನಿ ಬೇಕೆಂದು ತಂಡಗಳು ಹುಡುಕುತ್ತಲೇ ಇರುತ್ತವೆ. ಮೇಳದಲ್ಲಿ ನಿಲ್ಲಲು ಹೆಚ್ಚಿನ ಕಡೆ ದುಡ್ಡು ಕೇಳುವುದಿಲ್ಲ, ಬದಲಿಗೆ ಸಮಯ ಕೇಳುತ್ತಾರೆ: ಆರೆಂಟು ವಾರ ದಿನಾ ಸಂಜೆ ಎರಡು ಗಂಟೆ. ಬೇಸಿಗೆ ರಜೆಯಲ್ಲಾದರೆ ಇದಕ್ಕಿಂತ ಒಳ್ಳೆಯ ತರಬೇತಿ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಊರಿನ ಭಜನಾ ಮಂಡಳಿಯನ್ನೂ ಕಡೆಗಣಿಸಬೇಡಿ. ಪಕ್ಕದವರ ದನಿ ಕೇಳಿಸಿಕೊಳ್ಳುತ್ತಾ ತನ್ನ ಶ್ರುತಿ ಹಿಡಿಯುವುದು ಅಲ್ಲಿ ತಾನಾಗಿ ಬರುತ್ತದೆ.

ಮಗುವಿನ ಆಸೆ ಇಂಗ್ಲಿಷ್ ಮ್ಯೂಸಿಕಲ್‌ಗಳ ಕಡೆ ಇದ್ದರೆ ಬೆಂಗಳೂರಿನಲ್ಲಿ ಅದಕ್ಕೂ ಕ್ಲಾಸುಗಳಿವೆ. ಲಂಡನ್ನಿನ ಟ್ರಿನಿಟಿ ಕಾಲೇಜಿನಂಥ ಸಂಸ್ಥೆಗಳ ಗ್ರೇಡ್ ಪರೀಕ್ಷೆ ಕಟ್ಟಿಸುವವರೂ ಇದ್ದಾರೆ. ಕ್ಲಾಸಿನ ಫೀಸು ಬೇರೆ, ಪರೀಕ್ಷೆಯ ಫೀಸು ಬೇರೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿ. ಶ್ರುತಿ, ಲಯ, ಉಸಿರು, ಸ್ಪಷ್ಟ ಉಚ್ಚಾರ ಇಲ್ಲಿ ಕಲಿತರೂ ಅಲ್ಲಿಗೆ ಸಲ್ಲುತ್ತವೆ. ಸಲ್ಲದಿರುವುದು ಎರಡು: ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರದಲ್ಲಿ ಗುಂಪಾಗಿ ಹಾಡುವ ಹಾರ್ಮನಿ, ಮತ್ತು ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಸ್ಟಾಫ್ ನೊಟೇಷನ್ ಓದುವುದು. ಚರ್ಚಿನ ಕಾಯರ್‌ನಲ್ಲಿ ಹಾಡುವ ಅವಕಾಶವಿರುವ ಮಕ್ಕಳಿಗೆ ಇವೆರಡೂ ಪುಕ್ಕಟೆ ಸಿಗುತ್ತವೆ.

ಹೆಗ್ಗೋಡಿನ ನೀನಾಸಂ, ಮೈಸೂರು ರಂಗಾಯಣ, ಸಾಣೇಹಳ್ಳಿಯ ರಂಗಶಾಲೆಗಳ ಕೋರ್ಸುಗಳನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಅವು ಪೂರ್ಣಾವಧಿಯವು, ಶಾಲೆಗೆ ಹೋಗುತ್ತಲೇ ಮಾಡುವಂಥವಲ್ಲ. ಪಿಯುಸಿ ನಂತರದ ಯೋಚನೆಯಾಗಿ ಬರೆದಿಟ್ಟುಕೊಳ್ಳಿ.

ನೆರವಿನ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ (ಸಿಸಿಆರ್‌ಟಿ) ಸಂಗೀತ, ನೃತ್ಯ, ನಾಟಕ ಮುಂತಾದ ಸಾಂಪ್ರದಾಯಿಕ ಕಲೆ ಕಲಿಯುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ, ಆದರೆ ಅರ್ಜಿ ಹಾಕುವ ವಯಸ್ಸು 10ರಿಂದ 14. ಹದಿಮೂರರ ಮಗುವಿದ್ದರೆ ಈ ವರ್ಷವೇ ನೋಡಿ. ಖಾಸಗಿ ಕ್ಲಾಸುಗಳಲ್ಲಿ ರಿಯಾಯಿತಿ ಕೇಳುವಾಗ ‘ಸ್ವಲ್ಪ ಕಡಿಮೆ ಮಾಡಿಕೊಳ್ಳಿ’ ಎನ್ನುವುದಕ್ಕಿಂತ, ತಿಂಗಳಿಗೆ ಇಷ್ಟು ಕೊಡಬಲ್ಲೆವು, ಉಳಿದದ್ದಕ್ಕೆ ಮಗು ಸಂಜೆ ಬೇಗ ಬಂದು ಚಾಪೆ ಹಾಸುವುದು, ನಾಟಕದ ಸಾಮಾನು ಜೋಡಿಸುವುದು ಮಾಡುತ್ತದೆ ಎಂದು ಹೇಳಿ ನೋಡಿ. ನಾಟಕದವರಿಗೆ ಕೈಗಳ ಬೆಲೆ ಗೊತ್ತು.

ಹಂತ 5: ಅವರ ನಾಟಕಕ್ಕೆ ಹೋಗಿ ಕೂರಿ

ಕ್ಲಾಸಿಗೆ ಹೋಗುವ ಮೊದಲು ಅವರ ಮಕ್ಕಳು ಆಡಿದ ಒಂದು ಪ್ರದರ್ಶನ ನೋಡಿ. ಹಿಂದಿನ ಸಾಲಿನಲ್ಲಿ ಕೂರಬೇಕು. ಗಮನಿಸಬೇಕಾದದ್ದು ಮುಖ್ಯಪಾತ್ರ ಅಲ್ಲ, ಅದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಮೇಳದ ಎರಡನೇ ಸಾಲಿನ ಮೂಲೆಯಲ್ಲಿ ನಿಂತ ಮಗುವನ್ನು ಹತ್ತು ನಿಮಿಷ ನೋಡಿ. ಅದರ ಬಾಯಿ ಹಾಡುತ್ತಿದೆಯೇ? ತನ್ನ ಸರದಿ ಇಲ್ಲದಾಗಲೂ ಕಥೆಯೊಳಗೆ ಇದೆಯೇ, ಅಪ್ಪ ಅಮ್ಮನನ್ನು ಹುಡುಕುತ್ತಿದೆಯೇ? ನಿಮ್ಮ ಮಗು ಮೊದಲ ವರ್ಷ ನಿಲ್ಲುವ ಜಾಗ ಅದೇ.

ಹಾರ್ಮೋನಿಯಂ, ತಬಲಾ ಅಥವಾ ಕೀಬೋರ್ಡ್ ನುಡಿಸುವವರು ರಂಗದ ಪಕ್ಕದಲ್ಲೇ ಇದ್ದರೆ ಒಳ್ಳೆಯ ಲಕ್ಷಣ. ಮಗು ಒಂದು ಸಾಲು ನುಂಗಿದರೆ ಜೀವಂತ ಹಾರ್ಮೋನಿಯಂ ಕಾಯುತ್ತದೆ, ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಸಂಗೀತದ ಟ್ರ್ಯಾಕ್ ಕಾಯುವುದಿಲ್ಲ. ವಾದ್ಯದವರಿಗೆ ದುಡ್ಡು ಹೊಂದಿಸಲಾಗದೆ ಟ್ರ್ಯಾಕ್ ಹಾಕುವ ತಂಡಗಳೂ ಇವೆ, ಟ್ರ್ಯಾಕಿನ ಮೇಲೆ ಮಕ್ಕಳೇ ಹಾಡುತ್ತಿದ್ದರೆ ತಕರಾರಿಲ್ಲ. ಹಾಡಿನ ದನಿಯೂ ರೆಕಾರ್ಡಿನದ್ದೇ ಆಗಿದ್ದರೆ ಮಾತ್ರ ಆ ಕ್ಲಾಸನ್ನು ನೋಟ್‌ಬುಕ್ಕಿನಿಂದ ಹೊಡೆದುಹಾಕಿ. ಅದು ಡ್ಯಾನ್ಸ್ ಕ್ಲಾಸ್.

ಹಂತ 6: ಟ್ರಯಲ್ ಕ್ಲಾಸ್

ಪ್ರದರ್ಶನಕ್ಕೆ ಮುಂಚಿನ ವಾರ ಹೋಗಬೇಡಿ, ಆಗ ಕಾಣುವುದು ತಾಲೀಮು, ಪಾಠವಲ್ಲ. ಕಲಿಕೆಯ ಅವಧಿಯ ಮಧ್ಯದ ಸಾಧಾರಣ ದಿನ ಹೋಗಿ, ಮಗುವನ್ನು ಸೇರಿಸಿ, ನೀವು ಮೂಲೆಯಲ್ಲಿ ಕೂರಿ. ‘ಪೋಷಕರು ಒಳಗೆ ಬರುವಂತಿಲ್ಲ’ ಎಂಬ ನಿಯಮ ದಿನನಿತ್ಯಕ್ಕೆ ಸರಿ. ಟ್ರಯಲ್ ದಿನವೂ ಬಿಡದಿದ್ದರೆ ಎದ್ದು ಬನ್ನಿ.

ಒಂದೂವರೆ ಗಂಟೆಯ ಹದವಾದ ಕ್ಲಾಸ್ ಹೆಚ್ಚುಕಡಿಮೆ ಹೀಗೆ ಸಾಗುತ್ತದೆ: 15 ನಿಮಿಷ ಮೈ ಬೆಚ್ಚಗೆ ಮಾಡುವುದು, 10 ನಿಮಿಷ ಉಸಿರು ಮತ್ತು ದನಿ, 25 ನಿಮಿಷ ಹಾಡು ಕಲಿಯುವುದು, 25 ನಿಮಿಷ ಅದೇ ಹಾಡನ್ನು ಚಲನೆಗೆ ಕೂರಿಸುವುದು, ಉಳಿದದ್ದು ಮಾತಿನ ದೃಶ್ಯ. ನಿಮಿಷಗಳು ಆಚೀಚೆ ಆಗಲಿ. ‘ಅದೇ ಹಾಡನ್ನು ಚಲನೆಗೆ ಕೂರಿಸುವುದು’ ಎಂಬ ಭಾಗವೇ ಇಲ್ಲದಿದ್ದರೆ ಅಲ್ಲಿ ಸಿಗುವುದು ಒಂದೇ ಸೂರಿನಡಿಯ ಮೂರು ಬಿಡಿ ಕ್ಲಾಸು.

ಕಿವಿಯಿಂದ ಪರೀಕ್ಷಿಸಿ. ಮೇಷ್ಟ್ರು ಮಗುವಿಗೆ ಹೊಂದುವ ಶ್ರುತಿಗೆ ಹಾಡನ್ನು ಇಳಿಸುತ್ತಾರಾ, ಮಗುವನ್ನೇ ಹಾಡಿನ ಶ್ರುತಿಗೆ ಎಳೆಯುತ್ತಾರಾ? ಟ್ರ್ಯಾಕಿನ ಶ್ರುತಿಯನ್ನೂ ಆ್ಯಪ್‌ನಲ್ಲಿ ಇಳಿಸಬಹುದು. ಆ ಗೊಡವೆಗೆ ಹೋಗುವವರು ಕಡಿಮೆ. ಕಲಿಸುವವರು ‘ಜೋರಾಗಿ, ಇನ್ನೂ ಜೋರಾಗಿ’ ಎಂದಷ್ಟೇ ಕೂಗುತ್ತಿದ್ದರೆ ಅದು ಗಂಟಲು ಕೆಡಿಸುವ ದಾರಿ. ‘ಕೊನೆಯ ಅಕ್ಷರ ಹಿಂದಿನ ಗೋಡೆಗೆ ತಲುಪಲಿ’, ‘ಈ ಸಾಲಿಗೆ ಮುಂಚೆಯೇ ಉಸಿರು ತೆಗೆದುಕೋ’ ಎಂಬಂಥ ಮಾತು ಕೇಳಿಬಂದರೆ ಗೊತ್ತಿರುವವರ ಕೈ. ಕನ್ನಡದ ಹಾಡಾದರೆ ಮಹಾಪ್ರಾಣ, ಒತ್ತಕ್ಷರ, ಹ-ಅ, ಶ-ಷ-ಸ ತಿದ್ದುತ್ತಾರಾ ಗಮನಿಸಿ. ಹಾಡಿನಲ್ಲಿ ಮಾತು ತಿಳಿಯದಿದ್ದರೆ ಕಥೆಯೇ ನಿಂತುಹೋಗುತ್ತದೆ.

ನೆಲವನ್ನೂ ನೋಡಿ. ಗ್ರಾನೈಟ್ ಅಥವಾ ಕಾಂಕ್ರೀಟ್ ಮೇಲೆ ಬರಿಗಾಲಲ್ಲಿ ಪದೇ ಪದೇ ಎಗರಿಸಿದರೆ ಮೊಣಕಾಲು, ಮುಂಗಾಲಿನ ಮೂಳೆ ನೋಯಲು ಶುರುವಾಗುತ್ತದೆ. ಮರದ ನೆಲ ಎಲ್ಲರಿಗೂ ಎಲ್ಲಿಂದ ಬರಬೇಕು? ಮಣ್ಣಿನ ಅಂಗಳ ಆಗಬಹುದು, ದಪ್ಪ ಮ್ಯಾಟ್ ಆಗಬಹುದು, ಏನೂ ಇಲ್ಲದಿದ್ದರೆ ಎಗರುವ ಹೆಜ್ಜೆಗಳನ್ನು ಕಡಿಮೆ ಮಾಡುವ ಬುದ್ಧಿಯಾದರೂ ಕಲಿಸುವವರಿಗಿರಬೇಕು.

ವಾಪಸ್ ಬರುವಾಗ ‘ಚೆನ್ನಾಗಿತ್ತಾ?’ ಎಂದು ಕೇಳಬೇಡಿ. ‘ಹೂಂ’ ಎಂಬ ಉತ್ತರ ಬರುತ್ತದೆ, ಅಷ್ಟೇ. ‘ಇವತ್ತು ಕಲಿತದ್ದನ್ನು ತೋರಿಸು’ ಅನ್ನಿ. ಎರಡು ಸಾಲಾದರೂ ಹಾಡಿ ಒಂದು ಹೆಜ್ಜೆ ಹಾಕಿ ತೋರಿಸಿದರೆ ಕ್ಲಾಸ್ ಕೆಲಸ ಮಾಡಿದೆ.

ಹಂತ 7: ದುಡ್ಡು ಕಟ್ಟುವ ಮೊದಲು

ಒಮ್ಮೆಗೆ ಮೂರು ತಿಂಗಳಿಗಿಂತ ಹೆಚ್ಚು ಕಟ್ಟಬೇಡಿ, ವರ್ಷಕ್ಕೆ ಕಟ್ಟಿದರೆ ಎರಡು ತಿಂಗಳು ಉಚಿತ ಎಂದರೂ. ಬಿಟ್ಟ ಮೇಲೆ ವಾಪಸ್ ಬರುವುದು ಅಪರೂಪ. ಈ ಸಂಗತಿಗಳನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದಲ್ಲಿ ಪಡೆಯಿರಿ: ಒಟ್ಟು ಫೀಸು ಮತ್ತು ಬೇರೆ ಶುಲ್ಕಗಳು, ವಾರಕ್ಕೆ ಎಷ್ಟು ಗಂಟೆ, ಮೇಷ್ಟ್ರು ಬರದ ದಿನಕ್ಕೆ ಬದಲಿ ಕ್ಲಾಸ್ ಉಂಟೇ, ಪರೀಕ್ಷೆಯ ತಿಂಗಳು ಬಿಟ್ಟರೆ ಆ ತಿಂಗಳ ಫೀಸು ಮುಂದಕ್ಕೆ ಹೋಗುತ್ತದೆಯೇ, ಪ್ರದರ್ಶನ ಯಾವ ತಿಂಗಳು. ಈಗ ಶಾಲೆಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ರಸೀದಿ ಕೊಡದವರ ಹತ್ತಿರ ಮಾತು ಮುಂದುವರಿಸಬೇಡಿ.

ಅಲ್ಲಿಂದಲೇ ಹಿಂದಿರುಗಬೇಕಾದ ಲಕ್ಷಣಗಳು ಕೆಲವಿವೆ. ಹೆಚ್ಚು ದುಡ್ಡು ಕೊಟ್ಟರೆ ಮುಖ್ಯಪಾತ್ರ ಎನ್ನುವುದು ಮೊದಲನೆಯದು. ಸೀರಿಯಲ್, ಸಿನಿಮಾ, ರಿಯಾಲಿಟಿ ಶೋಗೆ ‘ನಮ್ಮ ಕಡೆಯಿಂದಲೇ’ ಅವಕಾಶ ಎನ್ನುವುದು ಎರಡನೆಯದು, ಅದರ ಬೆನ್ನಿಗೇ ಪೋರ್ಟ್‌ಫೋಲಿಯೊ ಶೂಟಿನ ಬಿಲ್ಲು ಬರುತ್ತದೆ. ಕಲಿಸುವವರು ಯಾರೆಂದು ಕೇಳಿದರೆ ಹೆಸರಾಂತ ಕಲಾವಿದರ ಫೋಟೋ ತೋರಿಸಿ, ಕ್ಲಾಸಿಗೆ ಪ್ರತಿ ತಿಂಗಳು ಹೊಸ ಸಹಾಯಕರನ್ನು ಕಳಿಸುವ ಜಾಗಗಳೂ ಇವೆ. ವಾರಕ್ಕೆ ಎಷ್ಟು ದಿನ ಅವರೇ ಬರುತ್ತಾರೆ ಎಂದು ಕೇಳಿ. ಸರ್ಟಿಫಿಕೇಟಿನ ಬಗ್ಗೆ ಹೆಚ್ಚು ಮಾತಾಡುವವರು ಪಾಠದ ಬಗ್ಗೆ ಕಡಿಮೆ ಮಾತಾಡುತ್ತಾರೆ. ರಂಗಶಾಲೆಗಳ ಆಯ್ಕೆಯಲ್ಲಿ ನೋಡುವುದು ಮಗು ಏನು ಮಾಡಿ ತೋರಿಸುತ್ತದೆ ಎಂಬುದನ್ನು.

ಹಂತ 8: ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡ

ನಾಟಕದಲ್ಲಿ ಮುಟ್ಟುವುದು, ಹಿಡಿಯುವುದು, ಬಟ್ಟೆ ಬದಲಿಸುವುದು ಇದ್ದೇ ಇರುತ್ತದೆ. ಹಾಗಾಗಿಯೇ ನಿಯಮ ಬೇಕು. ಹುಡುಗ ಹುಡುಗಿಯರಿಗೆ ಬೇರೆ ಬೇರೆ ಬಟ್ಟೆ ಬದಲಿಸುವ ಕೋಣೆ, ತಾಲೀಮಿನಲ್ಲಿ ಕನಿಷ್ಠ ಇಬ್ಬರು ದೊಡ್ಡವರು, ರಾತ್ರಿ ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆಂಬ ಸ್ಪಷ್ಟತೆ, ಪರ ಊರಿನ ಪ್ರದರ್ಶನಕ್ಕೆ ಬರಹದ ಒಪ್ಪಿಗೆ. ಮೇಷ್ಟ್ರು ಮತ್ತು ಮಗು ಇಬ್ಬರೇ ಇರುವ ‘ಸ್ಪೆಷಲ್ ಕ್ಲಾಸ್’ ಬಾಗಿಲು ತೆರೆದ ಕೋಣೆಯಲ್ಲೇ ನಡೆಯಲಿ. ಮಗುವಿನ ಫೋನಿಗೆ ರಾತ್ರಿ ಹೊತ್ತು ಖಾಸಗಿ ಮೆಸೇಜ್ ಬರಕೂಡದು, ಗುಂಪಿನಲ್ಲಿ ಹಾಕಲಿ.

18ರೊಳಗಿನ ಎಲ್ಲ ಮಕ್ಕಳಿಗೂ, ಗಂಡು ಹೆಣ್ಣು ಭೇದವಿಲ್ಲದೆ, ಲೈಂಗಿಕ ದೌರ್ಜನ್ಯದ ವಿರುದ್ಧ 2012ರ ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ. ಏನಾದರೂ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಸಂಸ್ಥೆಯ ಒಳಗೇ ‘ಮಾತಾಡಿ ಮುಗಿಸುವ’ ವಿಷಯ ಅದಲ್ಲ. ಮಕ್ಕಳ ಸಹಾಯವಾಣಿ 1098 ಮಗುವಿಗೂ ಬಾಯಿಪಾಠ ಇರಲಿ.

ಹಂತ 9: ಹನ್ನೆರಡನೇ ವಾರದ ಪರೀಕ್ಷೆ

ಸೇರಿಸಿದ ಹನ್ನೆರಡನೇ ವಾರ ಮೊದಲ ಹಂತದ ಮೂರು ರೆಕಾರ್ಡಿಂಗ್‌ಗಳನ್ನು ಅದೇ ಹಾಡಿನಲ್ಲಿ, ಅದೇ ಕೋಣೆಯಲ್ಲಿ ಮತ್ತೆ ಮಾಡಿ. ಶ್ರುತಿ ಮಾತ್ರ ದನಿಗೆ ತಕ್ಕಂತೆ ಬದಲಾಗಬಹುದು. ಹಳೆಯದು, ಹೊಸದು ಪಕ್ಕಪಕ್ಕ ಇಟ್ಟು ಮಗುವಿನ ಜೊತೆ ಕೂತು ಕೇಳಿ.

ಮೂರು ತಿಂಗಳಲ್ಲಿ ದನಿಯೇನೂ ಬೇರೆಯಾಗುವುದಿಲ್ಲ. ಕಾಣಬೇಕಾದ ಬದಲಾವಣೆ ಸಣ್ಣದು: ನಡೆಯುವಾಗ ಉಸಿರು ಸಾಲಿನ ಕೊನೆಯಲ್ಲಿ ಬರುತ್ತಿದೆ, ಮಾತಿನಿಂದ ಹಾಡಿಗೆ ಹೋಗುವಾಗ ಶ್ರುತಿ ಹುಡುಕಾಟ ಕಡಿಮೆಯಾಗಿದೆ, ಕಣ್ಣು ನೆಲ ಬಿಟ್ಟು ಮೇಲೆದ್ದಿದೆ. ಇವುಗಳಲ್ಲಿ ಒಂದಾದರೂ ಇದ್ದರೆ ಮುಂದಿನ ಮೂರು ತಿಂಗಳು ಕಟ್ಟಿ. ಒಂದೂ ಇಲ್ಲದಿದ್ದರೆ ಮೊದಲು ಮನೆಯ ಅಭ್ಯಾಸ ನೋಡಿ. ದಿನಕ್ಕೆ 20 ನಿಮಿಷವೂ ಹಾಡದಿದ್ದರೆ ಕ್ಲಾಸನ್ನು ದೂರುವಂತಿಲ್ಲ. ಅಭ್ಯಾಸ ನಡೆದೂ ಬದಲಾವಣೆ ಇಲ್ಲದಿದ್ದರೆ ಎರಡೂ ರೆಕಾರ್ಡಿಂಗ್ ಹಿಡಿದು ಮೇಷ್ಟ್ರ ಬಳಿ ಹೋಗಿ. ಕೇಳಿ ‘ಇಲ್ಲಿ ಹೀಗಾಗುತ್ತಿದೆ, ಇದನ್ನು ಮಾಡೋಣ’ ಅನ್ನುವವರ ಬಳಿ ಇನ್ನೊಂದು ಸರದಿ ಉಳಿಯಬಹುದು. ಕೇಳದೆಯೇ ‘ನಿಧಾನವಾಗಿ ಬರುತ್ತೆ’ ಅನ್ನುವವರಿಗೆ ನಮಸ್ಕಾರ ಹೇಳಿ, ನೋಟ್‌ಬುಕ್ಕಿನ ಎರಡನೇ ಹೆಸರಿಗೆ ಫೋನ್ ಮಾಡಿ.

ಎಸ್ಸೆಸ್ಸೆಲ್ಸಿ ವರ್ಷ ಬಂದಾಗ ಬಹುತೇಕ ಮನೆಗಳಲ್ಲಿ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸುತ್ತಾರೆ. ನಿಲ್ಲಿಸುವುದಾದರೆ ನಾಟಕ ನಿಲ್ಲಿಸಿ, ತಾಲೀಮಿಗೆ ಹೋಗುತ್ತಿದ್ದ ಸಂಜೆಗಳು ಓದಿಗೆ ಉಳಿಯುತ್ತವೆ. ಬೆಳಿಗ್ಗೆ ತಂಬೂರಿ ಹಾಕಿಕೊಂಡು ಹಾಡುವ ಆ 20 ನಿಮಿಷ ಹಾಗೇ ಇರಲಿ, ಅದಕ್ಕೆ ಫೀಸೂ ಇಲ್ಲ, ಆಟೋ ಖರ್ಚೂ ಇಲ್ಲ. ಪರೀಕ್ಷೆ ಮುಗಿದ ಮರುವಾರ ಬೇಸಿಗೆ ತಂಡದವರು ಮೇಳಕ್ಕೆ ದನಿ ಹುಡುಕುತ್ತಿರುತ್ತಾರೆ, ಅವರ ನಂಬರನ್ನು ಜನವರಿಯಲ್ಲೇ ಬರೆದಿಟ್ಟುಕೊಳ್ಳಿ.